ಪಡುಗೋಡೆಗೆ ಉಜ್ಜಿದ ಆಸಿಡ್

ಸಂಜೆ ನಾಲ್ಕೂವರೆಯಾಯಿತೆಂದರೆ ಟೈಲ್ಸಿನವನು ಖಾಲಿ ಬಕೆಟ್ ಹಿಡಿದುಕೊಂಡು ನನ್ನ ಸುಣ್ಣದ ತೊಟ್ಟಿಯ ಹತ್ತಿರ ಬರುತ್ತಿದ್ದ. ಬಂದವನು ನೇರವಾಗಿ ಕೇಳುವವನಲ್ಲ. ಮೊದಲು ನಾನು ಗಾರೆ ಮಾಡುತ್ತಿದ್ದ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಏಕ್‌ದಮ್ ಲಾಯ್ಕ್ ಆಯ್ತ್ ಮಾರ್ರೆ" ಎಂದು ಹೊಗಳುತ್ತಿದ್ದ. ಆಮೇಲೆ, "ಒಂದ್ ಬಕೆಟ್ ಸುಣ್ಣದ ತಿಳಿ ಕೊಡಿ ಕಾಂಬ, ಆಸಿಡ್ ಕೊಲ್ಲೂಕೆ" ಎನ್ನುತ್ತಿದ್ದ. ನಾನು ಕೊಡುತ್ತಿದ್ದೆ. ಮುಖದಲ್ಲಿ ನಗು ಇರುತ್ತಿತ್ತು, ಹೊಟ್ಟೆಯಲ್ಲಿ ಮಾತ್ರ ಕಿಚ್ಚು.

ಇದು ನಡೆದದ್ದು ಕಿರಿಮಂಜೇಶ್ವರದ ಆಸುಪಾಸಿನ ಒಂದು ಭಜನಾ ಮಂದಿರದಲ್ಲಿ, ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದಾಗ. ಮೀನುಗಾರಿಕೆಯ ಮನೆಗಳವರೇ ಸೇರಿ ಹಿಂದೆಂದೋ ಕಟ್ಟಿಕೊಂಡ ಮಂದಿರ ಅದು. ಬಾಗಿಲಲ್ಲಿ ನಿಂತರೆ ಸಮುದ್ರದ ಸದ್ದು ಕೇಳುತ್ತದೆ. ಕೆಂಪು ಕಲ್ಲಿನ ಗೋಡೆಗಳು, ಅವುಗಳ ಮೇಲೆ ಹಿರಿಯರು ಮಾಡಿಸಿದ ಸುಣ್ಣದ ಗಾರೆ. ಅದೂ ಅಲ್ಲಲ್ಲಿ ಹಪ್ಪಳ ಎದ್ದಿತ್ತು. ಮಳೆಗಾಲಕ್ಕೆ ಮೊದಲು ಎಲ್ಲ ಹೊಸದು ಮಾಡಿ, ಏಳು ದಿನದ ಭಜನೆ ಇಟ್ಟುಕೊಳ್ಳುವುದೆಂದು ಕಮಿಟಿ ತೀರ್ಮಾನ ಮಾಡಿತ್ತು. ಅರ್ಧ ಜನ ಸಿಮೆಂಟ್ ಆಗಲಿ ಎಂದರು. ಅಧ್ಯಕ್ಷರು ಮಾತ್ರ ಒಪ್ಪಲಿಲ್ಲ. ಅವರು ಎರಡು ಬೋಟುಗಳ ಯಜಮಾನರು, ಸ್ವಂತ ಮನೆಯ ಕೆಂಪು ಕಲ್ಲಿಗೆ ಸಿಮೆಂಟ್ ಬಳಿಸಿ, ಅದು ಮೂರೇ ವರ್ಷಕ್ಕೆ ಉದುರಿದ್ದನ್ನು ಕಂಡವರು. ಹಾಗಾಗಿ ಹೆಮ್ಮಾಡಿಯಲ್ಲಿದ್ದ ನನಗೆ ಕರೆ ಬಂತು.

ನಮ್ಮದು ಚಿಪ್ಪು ಸುಟ್ಟು ಸುಣ್ಣ ಮಾಡುವ ಮನೆ. ಅಪ್ಪನ ಕಾಲದಲ್ಲಿ ಭಟ್ಟಿ ವಾರಕ್ಕೊಮ್ಮೆ ಉರಿಯುತ್ತಿತ್ತಂತೆ. ನನ್ನ ಕಾಲಕ್ಕೆ ಅದು ವರ್ಷಕ್ಕೆ ಎರಡು ಸಲಕ್ಕೆ ಬಂದಿತ್ತು, ಅದೂ ಬೀಡಾ ಅಂಗಡಿಗಳ ದಯೆಯಿಂದ. ಗಾರೆ ಕೆಲಸ ಗೊತ್ತಿದ್ದವರೆಲ್ಲ ಸಿಮೆಂಟಿಗೆ ಹೋಗಿ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಡುಕಿದರೂ ಸುಣ್ಣದ ಗೋಡೆ ಮಾಡುವವರು ಬೆರಳೆಣಿಕೆಯಷ್ಟು. ಈ ಮಂದಿರದ ಗೋಡೆ ಚೆನ್ನಾಗಿ ಬಂದರೆ ನಾಲ್ಕು ಜನ ನೋಡುತ್ತಾರೆ, ನಾಲ್ಕು ಕಡೆ ಕರೆಯುತ್ತಾರೆ. ಕೆಟ್ಟರೆ ನಮ್ಮ ಸುಣ್ಣವನ್ನು ಎಲೆಅಡಿಕೆಗೆ ಬಿಟ್ಟು ಮತ್ತೆಲ್ಲಿಗೂ ಯಾರೂ ಕೇಳುವುದಿಲ್ಲ. ಇಷ್ಟು ತಲೆಯಲ್ಲಿಟ್ಟುಕೊಂಡೇ ನಾನು ಕೆಲಸಕ್ಕೆ ಇಳಿದದ್ದು.

ಸುಣ್ಣದ ಕೆಲಸಕ್ಕೆ ಅವಸರ ಆಗುವುದಿಲ್ಲ. ಹೊಳೆಯ ಚಿಪ್ಪನ್ನು ಇದ್ದಿಲಿನ ಜೊತೆ ಪದರಪದರವಾಗಿ ಹಾಕಿ ಸುಡಬೇಕು. ಸುಟ್ಟದ್ದಕ್ಕೆ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ ಅರಳಿ ಪುಡಿಯಾಗುತ್ತದೆ. ಆ ಪುಡಿಯನ್ನು ಜರಡಿ ಹಿಡಿದು, ತೊಟ್ಟಿಯಲ್ಲಿ ನೀರಿನ ಅಡಿ ತಿಂಗಳುಗಟ್ಟಲೆ ಕೊಳೆಹಾಕಬೇಕು. ಹೊಳೆಯ ಹೊಯ್ಗೆಯನ್ನು, ಅಂದರೆ ಮರಳನ್ನು, ಮೂರು ನೀರಿನಲ್ಲಿ ತೊಳೆದು ಒಣಗಿಸಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೇರೆ. ಇಷ್ಟೆಲ್ಲ ಸೇರಿಸಿ ಅರೆದು, ಮೂರು ಕೈ ಬಳಿದು, ಕೊನೆಯ ಪದರ ಅರೆ ಒಣಗಿರುವಾಗ ಬೆಣಚುಕಲ್ಲಿನಿಂದ ತಿಕ್ಕಬೇಕು. ತಿಕ್ಕಿ ತಿಕ್ಕಿ ಭುಜ ಸೋತ ಮೇಲೆ ಗೋಡೆಗೆ ಒಂದು ತಣ್ಣನೆಯ ಹೊಳಪು ಬರುತ್ತದೆ. ಅದನ್ನು ನೋಡಲು ಬರುವವರು ತುಸು ನಿಂತು ನೋಡಬೇಕು, ನಡೆದು ಹೋಗುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಟೈಲ್ಸಿನವನ ಕೆಲಸ ಹಾಗಲ್ಲ. ಅವನು ಕೊಕ್ಕರ್ಣೆ ಕಡೆಯವನು, ಮುಂಬೈಯಲ್ಲಿ ಹದಿನಾಲ್ಕು ವರ್ಷ ನೆಲದ ಕೆಲಸ ಮಾಡಿ ಊರಿಗೆ ಬಂದಿದ್ದ. ನನಗಿಂತ ಆರೇಳು ವರ್ಷ ಚಿಕ್ಕವನು. ಕುತ್ತಿಗೆಯಲ್ಲೊಂದು ಕರ್ಚೀಫು, ಸೊಂಟದಲ್ಲಿ ಟೇಪು, ಮಾತಿಗೊಂದು ಹಿಂದಿ. ನಾನು ಎರಡು ತಿಂಗಳಿನಲ್ಲಿ ಮೂರು ಗೋಡೆ ಮುಗಿಸಿದ್ದೆ. ಅವನು ಬಂದು ಒಂದೇ ವಾರದಲ್ಲಿ ಅರ್ಧ ನೆಲ ಹಾಸಿಬಿಟ್ಟ. ಅಂದಿನಿಂದ ಮಂದಿರಕ್ಕೆ ಬಂದವರೆಲ್ಲ ತಲೆ ತಗ್ಗಿಸಿಕೊಂಡೇ ನಡೆಯತೊಡಗಿದರು. ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ಹೊಸ್ತಿಲಲ್ಲೇ ಬಗ್ಗಿ, "ಅಯ್ಯಬ್ಬಾ, ಇದ್ರಗೆ ಮುಖ ಕಾಂತ್ ಮಾರಾಯ್ತಿ!" ಎಂದು ಹಿಂದಿನವರನ್ನು ಕೂಗಿದರು. ಹಿಂದಿನವರೂ ಬಂದು ಬಗ್ಗಿದರು. ನಾನು ಏಣಿಯ ಮೇಲೆ ನಿಂತು ಗೋಡೆ ತಿಕ್ಕುತ್ತಿದ್ದೆ, ನನ್ನನ್ನಾಗಲಿ ಗೋಡೆಯನ್ನಾಗಲಿ ಒಬ್ಬರಾದರೂ ಕತ್ತೆತ್ತಿ ನೋಡಲಿಲ್ಲ.

ಚಹಾದ ವಿಷಯ ಹೇಳಿದರೆ ನೀವು ನಗುತ್ತೀರಿ. ಮೊದಲು ನನಗೆ ಗಾಜಿನ ಲೋಟದಲ್ಲಿ ಚಹಾ ಬರುತ್ತಿತ್ತು. ಅವನು ಬಂದ ಮೇಲೆ ಗಾಜಿನ ಲೋಟ ಅವನಿಗೆ ಹೋಯಿತು, ಜೊತೆಗೆ ಎರಡು ಬಿಸ್ಕತ್ತು. ನನಗೆ ಸ್ಟೀಲಿನ ಲೋಟ. ಇಂಥದ್ದನ್ನೆಲ್ಲ ಲೆಕ್ಕ ಇಡುವ ವಯಸ್ಸು ನನ್ನದಾಗಿರಲಿಲ್ಲ, ಆದರೂ ಇಟ್ಟೆ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿದರೆ, "ನಿಮ್ಗ್ ಬಿಸ್ಕತ್ತ್ ಬೇಕಾ, ಅವ್ನ್ ನೆಲ ಬೇಕಾ?" ಎಂದು ಕೇಳಿದಳು. ಎರಡೂ ಬೇಕು ಎಂದು ಹೇಳಲು ನಾಚಿಕೆಯಾಯಿತು.

ಅವನ ಆಸಿಡಿನ ಕ್ರಮವನ್ನು ನಾನು ದಿನಾ ನೋಡುತ್ತಿದ್ದೆ. ಟೈಲ್ಸ್ ಹಾಸಿದ ಮೇಲೆ ಸಂದುಗಳಿಂದ ಉಕ್ಕಿದ ಸಿಮೆಂಟ್ ಮೇಲೆಲ್ಲ ಮೆತ್ತಿಕೊಂಡಿರುತ್ತದೆ. ಅದನ್ನು ತೆಗೆಯಲು ಆಸಿಡ್. ಮೊದಲು ನೆಲಕ್ಕೆ ಚೆನ್ನಾಗಿ ನೀರು ಕುಡಿಸುತ್ತಿದ್ದ. ಆಮೇಲೆ ಒಂದು ಬಕೆಟ್ ನೀರಿಗೆ ಒಂದೇ ಲೋಟ ಆಸಿಡ್ ಹಾಕಿ, ಬ್ರಷ್ಷಿನಿಂದ ಉಜ್ಜುತ್ತಿದ್ದ. ನೊರೆ ಬರುತ್ತಿತ್ತು, ಮೂಗು ಉರಿಯುತ್ತಿತ್ತು. ಉಜ್ಜಿದ ಮೇಲೆ ನನ್ನ ಸುಣ್ಣದ ತಿಳಿ ಸುರಿದು, ನೊರೆ ಪೂರ್ತಿ ನಿಲ್ಲುವವರೆಗೆ ಕಾದು, ಮತ್ತೆ ನಾಲ್ಕು ಸಲ ಬಾವಿ ನೀರು ಹೊಯ್ದು ಬಳಿದು ತೆಗೆಯುತ್ತಿದ್ದ. ಆಸಿಡ್ ಸತ್ತ ಮೇಲೆ ಇಷ್ಟೊಂದು ನೀರು ಎಂತಕ್ಕೆ, ಹೆದರುಪುಕ್ಕಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅವನಿಗಿಂತ ಹೆಚ್ಚು ನನಗೆ ಗೊತ್ತಿದೆ ಎಂದು ಸಮಾಧಾನಪಟ್ಟುಕೊಳ್ಳಲು ನನಗೆ ಅಷ್ಟೊಂದೇ ಸಿಕ್ಕಿತ್ತು.

ನನ್ನ ನಾಲ್ಕನೆಯ ಗೋಡೆ ಪಶ್ಚಿಮದ ಪಡುಗೋಡೆ. ದೇವರ ಪಟಗಳನ್ನು ಇಡುವುದು ಅದರ ಮುಂದೆಯೇ. ಭಜನೆಗೆ ಕುಳಿತವರೆಲ್ಲ ಅದನ್ನೇ ನೋಡುತ್ತಾರೆ. ಹಾಗಾಗಿ ಅದಕ್ಕೆ ನನ್ನ ಅತ್ಯುತ್ತಮ ಸುಣ್ಣ ಎತ್ತಿಟ್ಟಿದ್ದೆ. ಬಳಿದು, ತಿಕ್ಕಿ, ಹೊಳಪು ಬರಿಸಿ ಹತ್ತು ದಿನಕ್ಕೆ ನೋಡುತ್ತೇನೆ, ಎದೆಯ ಎತ್ತರದಿಂದ ಆರಡಿಯ ಮೇಲಿನವರೆಗೆ ಕಂದು ಬಣ್ಣದ ಕಲೆಗಳು. ಕೆಂಪು ಕಲ್ಲು ಒಳಗಿನಿಂದ ಬಣ್ಣ ಬಿಟ್ಟಿತೋ, ಬೆಲ್ಲದ ನೀರು ಹೆಚ್ಚಾಯಿತೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಅಪ್ಪ ಇದ್ದಿದ್ದರೆ ಒಂದು ಮಳೆಗಾಲ ಬಿಡು, ತಾನಾಗಿ ಮಾಸುತ್ತದೆ ಎನ್ನುತ್ತಿದ್ದರು. ಅದು ನಿಜವೂ ಹೌದು.

ಆದರೆ ಅದೇ ದಿನ ಅಧ್ಯಕ್ಷರು ಬಂದರು. ನೆಲವನ್ನು ನೋಡಿ ಟೈಲ್ಸಿನವನ ಬೆನ್ನು ತಟ್ಟಿದರು. ಆಮೇಲೆ ಪಡುಗೋಡೆಯ ಮುಂದೆ ನಿಂತು, "ಇದೆಂತ ಹ್ವಾಯ್, ಚಾ ಚೆಲ್ಲಿದಂಗ್ ಇತ್ತಲ್ಲ?" ಎಂದರು. ಟೈಲ್ಸಿನವನು ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಅವನು ನನ್ನ ಪರವಾಗಿ, "ಒಣಗ್ರೆ ಹೋತ್, ಸುಣ್ಣದ್ ಕೆಲ್ಸ ನಿಧಾನ" ಎಂದುಬಿಟ್ಟ. ನನ್ನ ಕೆಲಸಕ್ಕೆ ಅವನ ಶಿಫಾರಸು! ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೆಯ ದಿನ ಮಧ್ಯಾಹ್ನ ಅವನು ಊಟಕ್ಕೆಂದು ಹೋದ. ಅವನ ಆಸಿಡಿನ ಕ್ಯಾನು ಮೂಲೆಯಲ್ಲೇ ಇತ್ತು. ನಾನು ಒಂದು ಚೊಂಬಿನಷ್ಟು ಬಗ್ಗಿಸಿಕೊಂಡೆ, ನಾಲ್ಕು ಚೊಂಬು ನೀರು ಸೇರಿಸಿದೆ. ಅವನು ಒಂದು ಬಕೆಟ್ಟಿಗೆ ಒಂದು ಲೋಟ ಹಾಕುತ್ತಿದ್ದುದು ಗೊತ್ತಿದ್ದೂ ಹಾಗೆ ಮಾಡಿದೆ, ಬೇಗ ಮುಗಿಯಲಿ ಎಂದು. ಗೋಣಿಯ ತುಂಡು ಅದ್ದಿ ಕಲೆಯ ಮೇಲೆ ಉಜ್ಜಿದೆ. ಬುಸ್ಸೆಂದು ನೊರೆ ಎದ್ದಿತು. ಕಲೆ ಕಣ್ಣೆದುರೇ ಮಾಯವಾಯಿತು, ಅಡಿಯಿಂದ ಹಾಲಿನ ಬಿಳಿ ಬಂತು. ಇಡೀ ಗೋಡೆಗೆ ಉಜ್ಜಿದೆ. ತೊಳೆಯಲಿಲ್ಲ.

ತೊಳೆಯದಿದ್ದುದಕ್ಕೆ ನನ್ನ ಹತ್ತಿರ ತರ್ಕ ಇತ್ತು. ಆಸಿಡ್ ಕೊಲ್ಲಲು ಅವನು ಕೇಳುತ್ತಿದ್ದುದು ನನ್ನ ಸುಣ್ಣವನ್ನು. ಈ ಗೋಡೆಯೇ ಸುಣ್ಣ. ಹಚ್ಚಿದ ಆಸಿಡನ್ನು ಗೋಡೆಯೇ ಕೊಂದುಕೊಳ್ಳುತ್ತದೆ, ನೀರು ಹೊಯ್ದು ನನ್ನ ಹೊಳಪು ಯಾಕೆ ಕೆಡಿಸಬೇಕು? ಸುಣ್ಣದ ಮನೆಯಲ್ಲಿ ಹುಟ್ಟದವರು ಯಾರೂ ಇಷ್ಟು ಧೈರ್ಯದಿಂದ ಇಂಥ ತಪ್ಪು ಮಾಡಲಾರರು. ನೊರೆ ನಿಂತ ಮೇಲೆ ಬೆರಳು ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ಹುಳಿ ಇರಲಿಲ್ಲ. ಸತ್ತಿತು ಎಂದುಕೊಂಡೆ. ಅದರ ಮೇಲೆ ತೆಳುವಾಗಿ ಒಂದು ಕೈ ಸುಣ್ಣ ಎಳೆದು, ಎರಡು ದಿನ ಕಲ್ಲಿನಿಂದ ತಿಕ್ಕಿ ಮೊದಲಿನ ಹೊಳಪು ತಂದೆ. ಟೈಲ್ಸಿನವನು ನೋಡಿ, "ಅರೆ ವಾಹ್, ನಾನ್ ಹೇಳ್ಲಿಲ್ಯಾ, ಒಣಗ್ರೆ ಹೋತ್ ಅಂದೇಳಿ" ಎಂದ. ನನಗೆ ಒಳಗೆ ಬೆಲ್ಲ ತಿಂದಂತಾಯಿತು.

ಎಂಟನೆಯ ದಿನ ಬೆಳಿಗ್ಗೆ ಗೋಡೆ ಒದ್ದೆಯಾಗಿತ್ತು. ಸಮುದ್ರದ ಗಾಳಿಗೆ ಇರಬೇಕು ಎಂದುಕೊಂಡೆ. ಆದರೆ ಉಳಿದ ಮೂರು ಗೋಡೆಗಳು ಒಣಗಿಯೇ ಇದ್ದವು. ಮಧ್ಯಾಹ್ನದ ಸುಡುಬಿಸಿಲಿಗೂ ಪಡುಗೋಡೆ ಆರಲಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಅರ್ಧ ಗಂಟೆಯಲ್ಲಿ ಮತ್ತೆ ಮಣಿಮಣಿಯಾಗಿ ನೀರು. ಹತ್ತು ದಿನ ಕಳೆಯುವಷ್ಟರಲ್ಲಿ ನೀರು ಸಣ್ಣ ಗೆರೆಗಳಾಗಿ ಇಳಿದು, ಅವನ ಹೊಳೆಯುವ ನೆಲದ ಮೇಲೆ ನಿಲ್ಲತೊಡಗಿತು. ಊರಿನಲ್ಲಿ ಒಬ್ಬರು ದೇವರು ಬೆವರುತ್ತಿದ್ದಾರೆ ಎಂದರು, ಇನ್ನೊಬ್ಬರು ಮುಹೂರ್ತ ಸರಿಯಿಲ್ಲ ಎಂದರು. ಕಮಿಟಿಯ ಸಿಮೆಂಟ್ ಪಕ್ಷದವರು ದೇವರನ್ನು ಬಿಟ್ಟು ನನ್ನನ್ನು ಹಿಡಿದರು.

"ಕಡ್ಲಿನ ಹೊಯ್ಗಿ ಹಾಕಿರ್ ಕಾಣತ್. ಉಪ್ಪ್ ಅಲ್ದಾ, ಅದಕ್ಕೇ ನೀರ್ ಬಿಡತ್ತ್" ಎಂದು ಅವರಲ್ಲೊಬ್ಬರು ಸಭೆಯಲ್ಲೇ ಹೇಳಿದರು.

ಹೊಳೆಯ ಹೊಯ್ಗೆಯನ್ನು ಮೂರು ನೀರಿನಲ್ಲಿ ತೊಳೆದವನಿಗೆ ಈ ಮಾತು! ನಾನು ಎದ್ದು ನಿಂತೆ. "ಪರೀಕ್ಷಿ ಮಾಡ್ಸಿ. ಕಡ್ಲಿನ ಉಪ್ಪ್ ಅಂದ್ ಆರೆ ನಾನ್ ಇನ್ನ್ ಕರಣಿ ಮುಟ್ಟುದಿಲ್ಲೆ" ಎಂದೆ. ಕರಣೆ ನಮ್ಮ ಗಾರೆಯ ಕೈಸಾಧನ, ಅದರ ಮೇಲೆ ಆಣೆ ಇಟ್ಟರೆ ಮತ್ತೆ ಮಾತಿಲ್ಲ. ಆಸಿಡಿನ ನೆನಪು ಆಗಲೇ ಬಂದಿರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಆದರೆ ಅದು ಸತ್ತದ್ದನ್ನು ನಾನು ನಾಲಿಗೆಯಲ್ಲೇ ನೋಡಿದ್ದೆನಲ್ಲ.

ಪರೀಕ್ಷೆಗೆ ಬಂದವರು ಅದೇ ಊರಿನ ಸೊಸೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಮೊದಲು ಗೋಡೆಗೆ ನೀಲಿ ಬಣ್ಣದ ಕಾಗದದ ಪಟ್ಟಿ ಅಂಟಿಸಿದರು. ಆಸಿಡ್ ಇದ್ದರೆ ಕೆಂಪಾಗುತ್ತದೆ ಎಂದರು. ಕಾಗದ ನೀಲಿಯಾಗಿಯೇ ಉಳಿಯಿತು. "ಆಸಿಡ್ ಇಲ್ಲೆ ಕಾಣಿ" ಎಂದರು ಟೀಚರು. ಹೋದ ಜೀವ ಬಂದಂತಾಯಿತು, ಪಕ್ಕದವರಿಂದ ಎಲೆಅಡಿಕೆ ಕೇಳಿ ಹಾಕಿಕೊಂಡೆ.

ಆದರೆ ಟೀಚರು ಅಷ್ಟಕ್ಕೆ ಬಿಡಲಿಲ್ಲ. ಗೋಡೆಯಿಂದ ತುಸು ಗಾರೆ ಕೆರೆದು ಪುಡಿ ಮಾಡಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿದರು. ಸೋಸಿದ ನೀರನ್ನು ಮಂದಿರದ ಅಡುಗೆ ಒಲೆಯ ಮೇಲೆ ಬತ್ತಿಸಿದರು. ತಳದಲ್ಲಿ ಬಿಳಿ ಉಪ್ಪು ಉಳಿಯಿತು. "ಉಪ್ಪೇ ಅಲ್ದಾ!" ಎಂದು ಸಿಮೆಂಟ್ ಪಕ್ಷದವರು ಕುಣಿದರು. ಟೀಚರು ಇನ್ನೊಂದು ಪಾತ್ರೆಯಲ್ಲಿ ಸಮುದ್ರದ ನೀರನ್ನು ಬತ್ತಿಸಿ, ಎರಡು ಉಪ್ಪನ್ನೂ ಎರಡು ತಟ್ಟೆಯಲ್ಲಿ ಹರಡಿ, ಜಗಲಿಯಲ್ಲಿಟ್ಟು, "ಊಟ ಮಾಡ್ಕಂಡ್ ಬನ್ನಿ" ಎಂದರು. ನಾವು ಉಂಡು ಬರುವಷ್ಟರಲ್ಲಿ ಸಮುದ್ರದ ಉಪ್ಪು ತುಸು ಮೆತ್ತಗಾಗಿತ್ತು, ಅಷ್ಟೇ. ನನ್ನ ಗೋಡೆಯ ಉಪ್ಪು ಮಾತ್ರ ತಟ್ಟೆಯಲ್ಲಿ ಕರಗಿ ನೀರಾಗಿತ್ತು. ಯಾರೂ ಒಂದು ಹನಿ ಹಾಕಿರಲಿಲ್ಲ.

"ಇದ್ ಕಡ್ಲಿನ ಉಪ್ಪ್ ಅಲ್ಲ" ಎಂದರು ಟೀಚರು. "ಆಸಿಡ್ ಮತ್ತ್ ಸುಣ್ಣ ಸೇರ್ರೆ ಎರಡೂ ಸಾಯ್ತ್. ಹುಟ್ಟುದ್ ಒಂದ್ ಉಪ್ಪ್, ಮತ್ತ್ ನೀರ್. ಅದ್ ಅಡ್ಗಿ ಉಪ್ಪೇ ಆಯ್ಕ್ ಅಂದೇಳಿ ಇಲ್ಲೆ. ಯಾವ ಆಸಿಡಿಗೆ ಯಾವ್ದ್ ಸೇರ್ತ್, ಅದ್ರ ಮೇಲೆ ಉಪ್ಪಿನ ಜಾತಿ. ಟೈಲ್ಸ್ ತೊಳೂ ಆಸಿಡಿಗೂ ಸುಣ್ಣಕ್ಕೂ ಹುಟ್ಟುದ್ ಈ ಜಾತಿದ್. ಇದ್ ಗಾಳಿಯಲ್ಲಿಪ್ಪ ನೀರ್ ಎಳ್ದ್ ಎಳ್ದ್ ಕುಡಿತ್. ಕಾಗ್ದ ಕೆಂಪ್ ಆಯ್ಲಿಲ್ಲ ಅಂದ್ರೆ ಈಗ ಆಸಿಡ್ ಇಲ್ಲ ಅಂದೇಳಿ ಅಷ್ಟೇ. ಬರ್ಲೇ ಇಲ್ಲ ಅಂದ್ ಅಲ್ಲ." ಆಮೇಲೆ ನಗುತ್ತಾ, "ಉಪ್ಪ್ ತಿಂದವ ನೀರ್ ಕುಡೀಕಲ್ದಾ" ಎಂದು ಸೇರಿಸಿದರು. ಎಲ್ಲರೂ ನಕ್ಕರು. ಉಂಡ ಮೇಲೆ ಹಾಕಿಕೊಂಡಿದ್ದ ಎಲೆಅಡಿಕೆ ನನ್ನ ಬಾಯಲ್ಲಿ ಕಹಿಯಾಗಿತ್ತು.

ಟೈಲ್ಸ್ ತೊಳೆಯುವ ಆಸಿಡ್ ಎಂದ ಕೂಡಲೇ ಎಲ್ಲರ ಮುಖ ಒಂದೇ ಕಡೆ ತಿರುಗಿತು. ಟೈಲ್ಸಿನವನು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ. "ನೆಲಕ್ಕ್ ಹಾಕಿದ್ ಆಸಿಡ್ ಗೋಡಿ ಮೇಲ್ ಆರಡಿ ಹಾರತ್ತಾ? ಹಾರೂಕ್ ಅದೆಂತ ಕಪ್ಪಿಯಾ?" ಎಂದ. ಸರಿಯಾದ ಪ್ರಶ್ನೆ. ಆದರೆ ಸಭೆಗೆ ಸರಿಯಾದ ಪ್ರಶ್ನೆ ಬೇಕಿರಲಿಲ್ಲ, ಒಬ್ಬ ಮನುಷ್ಯ ಬೇಕಿತ್ತು. ಯಾರೋ, "ಆಸಿಡಿನ ಹೊಗಿ ಮೇಲ್ ಹೋಯ್ರ್ಕ್" ಎಂದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಹೌದಾ ಸುಣ್ಣದವ್ರೇ, ಹೊಗಿಗೆ ಹೀಂಗ್ ಆತ್ತಾ?" ಎಂದು ಕೇಳಿದರು.

"ಆಯ್ಲಕ್ಕ್" ಎಂದೆ. ಆಗಬಹುದು. ಅದೊಂದೇ ಮಾತು ನಾನು ಆಡಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಳ್ಳನಿಗಿಂತ ನಾನು ಬುದ್ಧಿವಂತ. ಹೆಗಲು ಮುಟ್ಟಿಕೊಳ್ಳಲಿಲ್ಲ, ಪಕ್ಕದವನ ಹೆಗಲು ನೋಡಿದೆ.

ಕಮಿಟಿಯ ತೀರ್ಮಾನ ಆಯಿತು. ಗೋಡೆ ಕೆಡಿಸಿದವನೇ ಸರಿ ಮಾಡಿಕೊಡಬೇಕು. ಪಡುಗೋಡೆಯ ಗಾರೆಯನ್ನೆಲ್ಲ ಕೆತ್ತಿ ತೆಗೆದು, ಅವನ ಸ್ವಂತ ಖರ್ಚಿನಲ್ಲಿ ಬಿಳಿ ಟೈಲ್ಸ್ ಅಂಟಿಸಬೇಕು. ಅವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಆ ದಿನ ಅವನಿಗೆ ಚಹಾ ಬಂದದ್ದು ಸ್ಟೀಲಿನ ಲೋಟದಲ್ಲಿ, ಬಿಸ್ಕತ್ತು ಇರಲಿಲ್ಲ. ನನಗೆ ಸಂತೋಷವಾಯಿತು ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಆಯಿತು. ಎರಡು ದಿನ ನಾನು ಹೊಟ್ಟೆತುಂಬ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ. ಪಾಪಪ್ರಜ್ಞೆ ಕಾಡಿತು ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಹೋದಾಗ ಅವನು ಪಡುಗೋಡೆಯ ಮುಂದೆ ಏಣಿ ಇಟ್ಟಿದ್ದ. ಪಕ್ಕದಲ್ಲಿ ಬಿಳಿ ಟೈಲ್ಸಿನ ಪೆಟ್ಟಿಗೆಗಳು. ಒಂದನ್ನು ತೆಗೆದು ಗೋಡೆಗೆ ಹಿಡಿದು, ಅಧ್ಯಕ್ಷರಿಗೆ ತೋರಿಸುತ್ತಿದ್ದ. ಅಧ್ಯಕ್ಷರು ತುಸು ದೂರ ನಿಂತು ಕತ್ತು ಓರೆ ಮಾಡಿ ನೋಡಿ, "ಹ್ಞಾ, ಇದೇ ಲಾಯ್ಕ್ ಇತ್ತ್. ಮೊದ್ಲೇ ಇದನ್ನೇ ಹಾಕ್ಸೂಕ್ ಇತ್ತ್" ಎಂದರು. ಸುಣ್ಣವೇ ಆಗಬೇಕೆಂದು ಹಟ ಹಿಡಿದಿದ್ದ ಮನುಷ್ಯ! ಟೈಲ್ಸಿನವನು ಚಾಣ ತೆಗೆದು, ನಾನು ಎರಡು ಸಲ ಹೊಳಪು ಕೊಟ್ಟ ಜಾಗಕ್ಕೆ ತುದಿ ಇಟ್ಟು, ಸುತ್ತಿಗೆ ಎತ್ತಿದ.

"ಹ್ವಾಯ್! ಚಾಣ ತೆಗಿ! ಅದ್ ನನ್ ಗೋಡಿ!" ಎಂದು ನಾನು ಕೂಗಿದೆ.

ಅವನು ತಿರುಗಿ ನೋಡಿದ. ಅಧ್ಯಕ್ಷರೂ ನೋಡಿದರು.

"ಗೋಡಿಗ್ ಆಸಿಡ್ ಹಾಕದ್ದ್ ನಾನ್. ಇವ್ನ್ ಕ್ಯಾನಿಂದ್ಲೇ ತೆಗ್ದ್ ಉಜ್ಜದ್ದ್" ಎಂದೆ.

ಆ ಮಾತು ಒಳ್ಳೆಯತನದಿಂದ ಬಂದದ್ದಲ್ಲ. ಅವನಿಗೆ ಅನ್ಯಾಯವಾಯಿತೆಂದು ನನ್ನ ಕರುಳು ಚುರುಕ್ಕೆನ್ನಲಿಲ್ಲ. ನೆಲವೂ ಅವನದು, ಇನ್ನು ನನ್ನ ಗೋಡೆಯೂ ಅವನದಾಗುತ್ತದೆ, ಭಜನೆಗೆ ಕೂತವರು ನಾಳೆ ಮೇಲೆ ಕೆಳಗೆ ಎಲ್ಲಿ ನೋಡಿದರೂ ಅವನ ಕೆಲಸವನ್ನೇ ನೋಡುತ್ತಾರೆ. ಅದನ್ನು ನನ್ನಿಂದ ತಾಳಿಕೊಳ್ಳಲು ಆಗಲಿಲ್ಲ. ಬಾಯಿ ಮುಚ್ಚಿಸಿದ್ದೂ ಹೊಟ್ಟೆಕಿಚ್ಚು, ಬಾಯಿ ಬಿಡಿಸಿದ್ದೂ ಹೊಟ್ಟೆಕಿಚ್ಚು.

ಟೈಲ್ಸಿನವನು ಏಣಿಯಿಂದ ಇಳಿದ. ಹೊಡೆಯುತ್ತಾನೆ ಎಂದುಕೊಂಡೆ. "ಎಷ್ಟ್ ನೀರಿಗ್ ಎಷ್ಟ್ ಹಾಕಿದ್ರಿ?" ಎಂದು ಕೇಳಿದ.

"ಒಂದಕ್ಕ್ ನಾಕ್."

"ನಾಕಾ! ತೊಳ್ದಿರ್ಯಾ?"

"ಇಲ್ಲೆ. ಗೋಡಿಯೇ ಸುಣ್ಣ ಅಲ್ದಾ, ಅದೇ ಕೊಲ್ಲತ್ತ್ ಅಂದೇಳಿ."

ಅವನು ಹಣೆ ಹಣೆ ಬಡಿದುಕೊಂಡ. "ನಾನ್ ದಿನಾ ತಿಳಿ ಹಾಕಿ ಆಮೇಲೆ ನಾಕ್ ಸಲ ನೀರ್ ಹೊಯ್ದದ್ದ್ ಎಂತಕೆ ಮಾರಾಯ್ರೆ? ಕೊಂದ್ರೆ ಹೆಣ ತೆಗುದ್ ಬ್ಯಾಡ್ದಾ?" ಎಂದ. ಹೆಣ ಎಂದರೆ ಆಸಿಡ್ ಸತ್ತಾಗ ಹುಟ್ಟಿದ ಆ ಉಪ್ಪು.

ಅಧ್ಯಕ್ಷರಿಗೆ ಆಗ ಸಿಟ್ಟು ನೆತ್ತಿಗೇರಿತು. "ಮೂರ್ ದಿನ ಬಾಯಗೆ ಎಂತ ಇಟ್ಕಂಡಿದ್ರಿ ನೀವ್?" ಎಂದು ಗದರಿದರು. "ಇವ್ನ್ ನೆಲ ಕಂಡ್ ನಂಗ್ ಹೊಟ್ಟಿಕಿಚ್ಚ್ ಆಯ್ತ್" ಎಂದೆ. ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಮೀನಿನ ಅಜ್ಜಿ ಬಾಯಿಗೆ ಸೆರಗು ಹಿಡಿದರು. ಮಧ್ಯಾಹ್ನದೊಳಗೆ ಈ ಸುದ್ದಿ ಹೆಮ್ಮಾಡಿಗೆ ತಲುಪುತ್ತದೆ ಎಂದು ನನಗೆ ಗೊತ್ತಾಯಿತು, ತಲುಪಿತು ಕೂಡ.

ಗೋಡೆ ಉಳಿಸಿಕೊಳ್ಳಲು ನನಗೆ ಇಪ್ಪತ್ತೈದು ದಿನ ಕೊಟ್ಟರು. ಆಗದಿದ್ದರೆ ಟೈಲ್ಸ್. ಉಪ್ಪು ಒಳಗೆ ಕೂತಾಗಿದೆ, ಬರೇ ನೀರು ಹೊಯ್ದರೆ ಇನ್ನೂ ಒಳಗೆ ಇಳಿಯುತ್ತದೆ ಎಂದು ಟೀಚರು ಹೇಳಿದರು. ದಾರಿ ತೋರಿಸಿದ್ದು ಮಾತ್ರ ಟೈಲ್ಸಿನವನೇ. ನನ್ನ ಮುಖ ನೋಡದೆ, ಟೀಚರಿಗೆ ಹೇಳುವಂತೆ ಹೇಳಿದ. ಮುಂಬೈಯ ಹಳೆಯ ಕಟ್ಟಡಗಳ ಕಲ್ಲಿಗೆ ಉಪ್ಪು ಹಿಡಿದರೆ ಕಾಗದ ನೆನೆಸಿ ಅರೆದು ಮೆತ್ತುತ್ತಾರಂತೆ. ಕಾಗದ ಆರುತ್ತಾ ಬಂದಂತೆ ಒಳಗಿನ ಉಪ್ಪುನೀರನ್ನು ಎಳೆದುಕೊಳ್ಳುತ್ತದಂತೆ. ಇದೂ ಅವನಿಗೆ ಗೊತ್ತಿರಬೇಕೆ ಎಂದು ಆ ಸ್ಥಿತಿಯಲ್ಲೂ ನನ್ನ ಹೊಟ್ಟೆ ಉರಿಯಿತು.

ಊರಿನ ಹಳೆಯ ಪೇಪರುಗಳನ್ನೆಲ್ಲ ಬೇಡಿ ತಂದೆ. ಬಾವಿ ನೀರಿನಲ್ಲಿ ನೆನೆಹಾಕಿ, ರುಬ್ಬಿ, ಜೇಡಿ ಮಣ್ಣು ಕಲಸಿ, ಗೋಡೆಗೆ ಹೆಬ್ಬೆರಳಿನ ದಪ್ಪ ಮೆತ್ತಿದೆ. ಪೂರ್ತಿ ಒಣಗುವ ಮೊದಲೇ ಕಿತ್ತು, ದೂರ ಹೊಂಡ ತೋಡಿ ಹುಗಿದೆ. ಮತ್ತೆ ಹೊಸದು ಮೆತ್ತಿದೆ. ಪ್ರತಿ ಸಲ ಕಿತ್ತದ್ದರಿಂದ ಒಂದು ಹಿಡಿ ತೆಗೆದು, ಟೀಚರು ತೋರಿಸಿದಂತೆ ಕದಡಿ ಬತ್ತಿಸಿ ತಟ್ಟೆಯಲ್ಲಿ ಇಡುತ್ತಿದ್ದೆ. ಮೊದಲ ಸಲ ತಟ್ಟೆ ತುಂಬ ನೀರಾಯಿತು. ಮೂರನೆಯ ಸಲವೂ ಹಾಗೇ. ಐದನೆಯದಕ್ಕೆ ನೀರು ಕಡಿಮೆಯಾಗುತ್ತದೆಂದು ಕಾದರೆ ಹೆಚ್ಚೇ ಆಯಿತು, ಒಳಗಿನ ಉಪ್ಪು ಆಗಷ್ಟೇ ಹೊರಡುತ್ತಿತ್ತು. ಅವತ್ತು ಎಲ್ಲ ಬಿಟ್ಟು ಮನೆಗೆ ಹೋಗಿಬಿಡೋಣ ಎನ್ನಿಸಿತು. ಟೈಲ್ಸಿನವನು ಅತ್ತ ಕಡೆ ಮೆಟ್ಟಿಲಿನ ಕೆಲಸ ಮಾಡುತ್ತಾ ಇದ್ದ. ಅವನ ಎದುರು ಬಿಟ್ಟುಹೋಗಲು ಮನಸ್ಸಾಗದೆ ಆರನೆಯದಕ್ಕೆ ಕಾಗದ ನೆನೆಹಾಕಿದೆ. ಒಂಬತ್ತನೆಯ ಸಲ ತಟ್ಟೆಯ ತಳದಲ್ಲಿ ತೆಳ್ಳಗೆ ಬಿಳಿ ಹುಡಿ ಉಳಿಯಿತು, ಸಂಜೆಯವರೆಗೂ ಕರಗಲಿಲ್ಲ.

ತೆಂಕು ಮೂಲೆಯಲ್ಲಿ ಎರಡು ಮೊಳದಷ್ಟು ಗಾರೆ ಸತ್ತೇಹೋಗಿತ್ತು, ಅದನ್ನು ಕೆತ್ತಿ ಹೊಸದಾಗಿ ಬಳಿದೆ. ಉಳಿದದ್ದು ನಿಂತಿತು. ಮೊದಲಿನ ಹೊಳಪು ಬರಲಿಲ್ಲ, ಆದರೆ ಭಜನೆಯ ಏಳೂ ದಿನ ಗೋಡೆ ಒಣಗಿಯೇ ಇತ್ತು. ಜನ ಬಂದರು, ತಲೆ ತಗ್ಗಿಸಿ ನೆಲ ನೋಡಿದರು. ಅಧ್ಯಕ್ಷರು ಮಾತಾಡಿದವರಿಗೆಲ್ಲ, "ಕೆಲ್ಸ ಗೊತ್ತಿತ್ತ್, ಮನುಷ್ಯ ಮಾತ್ರ ಹೀಂಗ್" ಎಂದು ನನ್ನ ಬಗ್ಗೆ ಹೇಳುತ್ತಿದ್ದರಂತೆ. ಟೈಲ್ಸಿನವನು ಲೆಕ್ಕ ಮುಗಿಸಿಕೊಂಡು ಹೋಗುವಾಗ ನನಗೆ "ಬತ್ತೆ" ಎಂದು ಒಂದು ವಿದಾಯವನ್ನೂ ಹೇಳಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ಆ ಮಳೆಗಾಲ ಕಳೆಯಿತು. ಎಲ್ಲಿಂದಲೂ ಒಂದು ಕರೆ ಬರಲಿಲ್ಲ. ಭಟ್ಟಿಯನ್ನು ಹೊತ್ತಿಸಲಿಲ್ಲ. ಹೆಂಡತಿ ಗೇರುಬೀಜದ ಕಾರ್ಖಾನೆಗೆ ಹೋಗಲು ಶುರು ಮಾಡಿದಳು, ನಾನು ಸಿಮೆಂಟ್ ಕೆಲಸಕ್ಕೆ ಸೇರುವ ಮಾತು ಆಡತೊಡಗಿದೆ. ಆಗ ಒಂದು ದಿನ ಬ್ರಹ್ಮಾವರದ ಕಡೆಯ ಹೆಂಗಸೊಬ್ಬರು ಸ್ಕೂಟರಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಹಳೆಯ ಮನೆ, ಸುಣ್ಣದ ಗೋಡೆಗಳು, ಹನ್ನೊಂದು ಕೋಣೆ. ಎಲ್ಲ ಸುಣ್ಣದಲ್ಲೇ ಆಗಬೇಕು ಎಂದರು.

"ನನ್ ಹೆಸ್ರ್ ಯಾರ್ ಹೇಳದ್ದ್?" ಎಂದು ಕೇಳಿದೆ.

"ನಮ್ಮಲ್ಲಿ ನೆಲ ಹಾಕೂಕ್ ಬಂದವ್ರ್. ಕೊಕ್ಕರ್ಣಿಯವ್ರ್. ಗೋಡಿಗ್ ಸಿಮೆಂಟ್ ಮಾಡ್ಲಕ್ಕಾ ಅಂದ್ ಕೇಂಡೆ. ಬ್ಯಾಡ, ಹೆಮ್ಮಾಡಿಯವ್ರನ್ನ್ ಕರ್ಸಿ, ಅವ್ರ ಹಾಂಗೆ ಸುಣ್ಣ ಮಾಡುವವ್ರ್ ಈ ಬದಿಯಗೇ ಇಲ್ಲೆ ಅಂದ್ರ್" ಎಂದರು. ತುಸು ತಡೆದು, ನಗು ಅದುಮಿಕೊಂಡು, "ಆಸಿಡ್ ಕ್ಯಾನ್ ಮಾತ್ರ ಅವ್ರ ಕಣ್ಣಿಗ್ ಬೀಳೂಕ್ ಬಿಡ್ಬೇಡಿ ಅಂದ್ರ್" ಎಂದೂ ಹೇಳಿದರು. ಒಳಗಿನಿಂದ ನನ್ನ ಹೆಂಡತಿ ಬಿದ್ದು ಬಿದ್ದು ನಗುವುದು ಕೇಳಿಸಿತು.

ನಾನು ನಗಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಆ ಹೆಸರನ್ನು ಸತ್ತರೂ ಬಾಯಿಗೆ ತರುತ್ತಿರಲಿಲ್ಲ. ಕೈಕೆಲಸದಲ್ಲಿ ಅವನು ನನಗಿಂತ ಮೇಲೋ ಕೆಳಗೋ ಎಂದು ಇಷ್ಟು ದಿನ ಒದ್ದಾಡಿದ್ದೆ. ಇದೊಂದು ವಿಷಯದಲ್ಲಿ ಒದ್ದಾಡಲು ಏನೂ ಉಳಿದಿರಲಿಲ್ಲ. ಕೆಲಸ ಒಪ್ಪಿಕೊಂಡೆ, ಮಾರನೆಯ ಬೆಳಿಗ್ಗೆ ಕರಣೆ ಕಟ್ಟಿಕೊಂಡು ಹೊರಟೆ. ಹೆಮ್ಮಾಡಿಯಲ್ಲಿ ಬಸ್ ಹತ್ತಿದವನಿಗೆ ಬ್ರಹ್ಮಾವರದಲ್ಲಿ ಇಳಿಯುವವರೆಗೂ ಅವನ ಮೇಲೆ ಹೊಟ್ಟೆ ಉರಿಯುತ್ತಲೇ ಇತ್ತು.